ಡ್ರಾಯಿಂಗ್ ಕೊನೆಗೆ ಯಾರ ಕೈ ಸೇರಬೇಕು?

ಹೆದ್ದಾರಿ ಕೆಳಗಿನ ಒಂದು ಬಾಕ್ಸ್ ಕಲ್ವರ್ಟ್ ತೆಗೆದುಕೊಳ್ಳಿ. ನಮ್ಮ ಕಡೆ ಮೋರಿ ಅಂತಲೇ ಕರೆಯುತ್ತೇವೆ. ಕಾರಿನಲ್ಲಿ ಹೋಗುವವರಿಗೆ ಅದು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಆದರೆ ಅದನ್ನು ಕಟ್ಟಲು ಬೇಕಾಗುವ ಕಾಗದ ಒಂದು ದಪ್ಪ ಫೈಲ್ ತುಂಬುತ್ತದೆ. ಜಾಗದ ಸರ್ವೆ, ಮಣ್ಣಿನ ಪರೀಕ್ಷೆ, ಹಳ್ಳದಲ್ಲಿ ಎಷ್ಟು ನೀರು ಬರಬಹುದು ಅನ್ನುವ ಲೆಕ್ಕ, ಡಿಸೈನ್ ನೋಟ್, ಡ್ರಾಯಿಂಗ್, ಕಂಬಿ ಕತ್ತರಿಸುವ ಪಟ್ಟಿ, ಸಿಮೆಂಟ್ ಮತ್ತು ಸ್ಟೀಲಿನ ಟೆಸ್ಟ್ ಸರ್ಟಿಫಿಕೇಟ್, ಕಾಂಕ್ರೀಟ್ ಹಾಕುವ ಮೊದಲು ತಪಾಸಣೆ ಕೇಳಿ ಕೊಡುವ ಆರ್‌ಎಫ್‌ಐ, ಹಾಕಿದ ದಿನದ ಪೋರ್ ಕಾರ್ಡ್, ಕಾಂಕ್ರೀಟ್ ಎಷ್ಟು ಗಟ್ಟಿಯಾಗಿದೆ ಅಂತ ನೋಡುವ 7ನೇ ದಿನ ಮತ್ತು 28ನೇ ದಿನದ ಕ್ಯೂಬ್ ಟೆಸ್ಟ್, ಅಳತೆ ಪುಸ್ತಕ, ಬಿಲ್. ಒಂದು ಮೋರಿಗೇ ಇಷ್ಟು. ರಸ್ತೆ ಉದ್ದವಾದಂತೆ ಮೋರಿ, ಸೇತುವೆ, ಅಂಡರ್‌ಪಾಸ್ ಎಲ್ಲಾ ಸೇರಿ ಈ ಕಾಗದ ಎಲ್ಲಿಗೆ ಹೋಗಿ ಮುಟ್ಟುತ್ತದೆ, ನೀವೇ ಲೆಕ್ಕ ಹಾಕಿ.

ಈ ಕಾಗದಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಡಾಕ್ಯುಮೆಂಟ್ ಕಂಟ್ರೋಲರ್ ಅಂತ ಹುದ್ದೆಯ ಹೆಸರು. ಕೋಲಾರ, ಬಂಗಾರಪೇಟೆ, ಮಾಲೂರು ಸುತ್ತಮುತ್ತ ರಸ್ತೆ ಮತ್ತು ಪೈಪ್‌ಲೈನ್ ಕೆಲಸಗಳ ಸೈಟ್ ಆಫೀಸ್‌ಗಳಲ್ಲಿ ವರ್ಷಗಟ್ಟಲೆ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಬಾಕ್ಸ್ ಫೈಲ್, ಇನ್‌ವರ್ಡ್ ರಿಜಿಸ್ಟರ್, ರಬ್ಬರ್ ಸ್ಟಾಂಪ್ ಇದ್ದ ಕಾಲವನ್ನೂ ನೋಡಿದ್ದೇನೆ, ಎಲ್ಲವೂ ಸಾಫ್ಟ್‌ವೇರ್ ಒಳಗೆ ಹೋದ ಕಾಲವನ್ನೂ ನೋಡುತ್ತಿದ್ದೇನೆ. ಇದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ಈ ಸಾಫ್ಟ್‌ವೇರ್‌ಗಳು ದಾಖಲೆಗಳನ್ನು ತುಂಬಾ ಚೆನ್ನಾಗಿ ಕಾಪಾಡುತ್ತವೆ. ಯಾರಿಗೋಸ್ಕರ ಕಾಪಾಡುತ್ತಿದ್ದೇವೆ ಅನ್ನುವುದನ್ನು ಮಾತ್ರ ನಾವು ಪೂರ್ತಿ ಯೋಚಿಸಿಲ್ಲ. ಗುತ್ತಿಗೆದಾರರಿಗೆ ಲಾಗಿನ್ ಇದೆ, ಕನ್ಸಲ್ಟೆಂಟ್‌ಗೆ ಇದೆ, ಇಲಾಖೆಗೆ ಇದೆ. ಕಂಬಿ ಕಟ್ಟುವವನಿಗೆ ಇಲ್ಲ. ಹತ್ತು ವರ್ಷ ಬಿಟ್ಟು ಅದೇ ಜಾಗದಲ್ಲಿ ಅಗೆಯುವವನಿಗೂ ಇಲ್ಲ.

ಮೊದಲು ಇದು ಕೆಲಸ ಮಾಡುವ ಬಗೆ ಹೇಳಿಬಿಡುತ್ತೇನೆ.

ಪ್ರತಿ ದಾಖಲೆಗೂ ಒಂದು ನಂಬರ್ ಇರುತ್ತದೆ. ಯಾವ ಪ್ರಾಜೆಕ್ಟ್, ಯಾವ ವಿಭಾಗ, ಯಾವ ಬಗೆಯ ಕಾಗದ, ಎಷ್ಟನೆಯದು ಅನ್ನುವುದೆಲ್ಲ ಆ ನಂಬರಿನಲ್ಲೇ ಇರುತ್ತದೆ. ಅದರ ಜೊತೆ ರಿವಿಷನ್ ನಂಬರ್. ಮೊದಲ ಸಲ ಬಂದಾಗ ಆರ್-ಸೊನ್ನೆ, ತಿದ್ದಿದಾಗ ಆರ್-ಒಂದು, ಹೀಗೆ. ದಾಖಲೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಟ್ರಾನ್ಸ್‌ಮಿಟಲ್ ಅನ್ನುವ ಕಳುಹಿಕೆ ಪತ್ರದ ಜೊತೆ ಹೋಗುತ್ತದೆ. ಯಾರು ಯಾವಾಗ ಕಳಿಸಿದರು, ಯಾರು ಯಾವಾಗ ತೆರೆದು ನೋಡಿದರು ಅನ್ನುವುದು ತಾನಾಗಿಯೇ ದಾಖಲಾಗುತ್ತದೆ. ನೋಡಿದವರು ಒಪ್ಪಿಗೆಯ ಕೋಡ್ ಹಾಕುತ್ತಾರೆ. ಸರಿ ಇದೆ, ಸಣ್ಣ ತಿದ್ದುಪಡಿಯೊಂದಿಗೆ ಸರಿ, ತಿದ್ದಿ ಮತ್ತೆ ಕಳಿಸಿ, ಆಗುವುದಿಲ್ಲ. ಕೊನೆಗೆ 'ಗುಡ್ ಫಾರ್ ಕನ್‌ಸ್ಟ್ರಕ್ಷನ್' ಮುದ್ರೆ ಬಿದ್ದ ಡ್ರಾಯಿಂಗ್ ಮಾತ್ರ ಸೈಟಿಗೆ ಹೋಗಬೇಕು. ಜಿಎಫ್‌ಸಿ ಬಂತಾ ಅಂತ ಸೈಟ್ ಎಂಜಿನಿಯರ್‌ಗಳು ದಿನಾ ಫೋನ್ ಮಾಡಿ ಕೇಳುವುದು ಇದನ್ನೇ.

ಈ ಕೆಲಸಕ್ಕೆ ಬೇರೆ ಬೇರೆ ಸಾಫ್ಟ್‌ವೇರ್‌ಗಳಿವೆ. ಅಕೋನೆಕ್ಸ್ 2000ದಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಶುರುವಾಯಿತು, 2018ರಲ್ಲಿ ಒರಾಕಲ್ ಅದನ್ನು ಕೊಂಡುಕೊಂಡಿತು. ಬೆಂಟ್ಲಿಯವರ ಪ್ರಾಜೆಕ್ಟ್‌ವೈಸ್ ಇದೆ, ಆಟೋಡೆಸ್ಕ್‌ನದ್ದು ಇದೆ. ನಮ್ಮ ದೇಶದಲ್ಲೇ ತಯಾರಾದವೂ ಇವೆ. ಹೆಸರು ಬೇರೆಯಾದರೂ ಒಳಗಿನ ವಿಚಾರ ಹೆಚ್ಚುಕಡಿಮೆ ಒಂದೇ. 2018ರ ಕೊನೆಯಲ್ಲಿ ಐಎಸ್‌ಒ 19650 ಅನ್ನುವ ಅಂತಾರಾಷ್ಟ್ರೀಯ ಮಾನದಂಡದ ಮೊದಲ ಎರಡು ಭಾಗ ಬಂದವು. ಪ್ರಾಜೆಕ್ಟಿನ ಮಾಹಿತಿಯೆಲ್ಲ ಒಂದೇ ಜಾಗದಲ್ಲಿರಬೇಕು, ಪ್ರತಿ ದಾಖಲೆ ಯಾವ ಹಂತದಲ್ಲಿದೆ ಅನ್ನುವುದು ಎಲ್ಲರಿಗೂ ಕಾಣಬೇಕು ಅನ್ನುವುದು ಅದರ ಸಾರ. ಇನ್ನೂ ತಯಾರಾಗುತ್ತಿರುವುದು, ಬೇರೆಯವರ ಜೊತೆ ಹಂಚಿಕೊಂಡದ್ದು, ಬಳಕೆಗೆ ಬಿಟ್ಟದ್ದು, ಹಳೆಯದಾಗಿ ಎತ್ತಿಟ್ಟದ್ದು ಅಂತ ನಾಲ್ಕು ಹಂತ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವಂತೂ 2020ರ ಜೂನ್‌ನಲ್ಲಿ ಡೇಟಾ ಲೇಕ್ ಅನ್ನುವ ತನ್ನದೇ ಪೋರ್ಟಲ್ ತಂದು, ಪ್ರಾಜೆಕ್ಟಿನ ದಾಖಲೆ, ಗುತ್ತಿಗೆಯ ನಿರ್ಧಾರ, ಒಪ್ಪಿಗೆ ಎಲ್ಲವೂ ಅದರ ಮೂಲಕವೇ ಆಗಬೇಕು ಅಂದಿತು. ಲಾಕ್‌ಡೌನ್ ಕಾಲದಲ್ಲಿ ಅದು ಎಷ್ಟು ಉಪಯೋಗಕ್ಕೆ ಬಂತು ಅನ್ನುವುದು ಆಗ ಕೆಲಸ ಮಾಡಿದವರಿಗೆ ಗೊತ್ತು.

ಇನ್ನು ಮೋರಿಯ ವಿಷಯಕ್ಕೆ ಬರುತ್ತೇನೆ.

ಕೋಲಾರ ಜಿಲ್ಲೆ ಕೆರೆಗಳ ಜಿಲ್ಲೆ. ಇಲ್ಲಿ ಒಂದೊಂದೇ ಕೆರೆ ಅಂತ ಇರುವುದಿಲ್ಲ, ಸಾಲು ಸಾಲಾಗಿ ಇರುತ್ತವೆ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಹೋಗಬೇಕು. ಮಧ್ಯೆ ರಸ್ತೆ ಬಂದರೆ ಆ ನೀರಿಗೆ ಮೋರಿಯೇ ದಾರಿ. ಮೋರಿಯ ತಳಮಟ್ಟ ಒಂದು ಅಡಿ ಮೇಲಾದರೂ ಕೆಳಗಿನ ಊರಿನ ಕೆರೆಗೆ ನೀರು ಕಡಿಮೆಯಾಗುತ್ತದೆ, ಮೇಲಿನ ಊರಿನ ಹೊಲದಲ್ಲಿ ನೀರು ನಿಲ್ಲುತ್ತದೆ. ಬಹಳ ವರ್ಷ ಈ ಕಾಲುವೆಗಳು ಒಣಗಿ ಜಾಲಿ ಬೆಳೆದಿದ್ದವು. ಸರ್ವೆಗೆ ಬಂದವರಿಗೆ ಅಲ್ಲಿ ಕಾಲುವೆ ಇದೆ ಅನ್ನುವುದೇ ಕಾಣದಂಥ ಜಾಗಗಳಿದ್ದವು. ಆಮೇಲೆ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆ ಬಂತು. ಬೆಂಗಳೂರಿನ ಸಂಸ್ಕರಿಸಿದ ನೀರು 2018ರ ಜೂನ್‌ನಲ್ಲಿ ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ದಿನಕ್ಕೆ 440 ದಶಲಕ್ಷ ಲೀಟರ್ ನೀರನ್ನು 126 ಕೆರೆಗಳಿಗೆ ಮುಟ್ಟಿಸುವ ಯೋಜನೆ ಅದು. ಆ ನೀರಿನ ಗುಣದ ಬಗ್ಗೆ ಊರಿನಲ್ಲಿ ವಾದ ಇದೆ, ಅದು ಬೇರೆಯೇ ಬರಹಕ್ಕೆ ಆಗುವಷ್ಟು ದೊಡ್ಡದು. ಇಲ್ಲಿ ಹೇಳಬೇಕಾದ್ದು ಇಷ್ಟೇ: ಕಾಲುವೆಯಲ್ಲಿ ನೀರು ಬಂದ ಮೇಲೆ ರೈತರಿಗೆ ತಮ್ಮ ಹಳೆಯ ಕಾಲುವೆಯ ದಾರಿ ಮತ್ತೆ ಮುಖ್ಯವಾಯಿತು.

ನಾನಿದ್ದ ಒಂದು ರಸ್ತೆ ಕೆಲಸದಲ್ಲಿ ಹೀಗೇ ಆಯಿತು. ಎರಡು ಕೆರೆಗಳ ಮಧ್ಯದ ಮೋರಿಗೆ ಮೊದಲು ಒಂದೇ ಕಂಡಿ ಇಟ್ಟು ಡ್ರಾಯಿಂಗ್ ಆಗಿತ್ತು. ಊರಿನ ಹಿರಿಯರು ಬಂದು, ಮಳೆಗಾಲದಲ್ಲಿ ಇಲ್ಲಿ ಎಷ್ಟು ಎತ್ತರಕ್ಕೆ ನೀರು ಹರಿಯುತ್ತಿತ್ತು ಅಂತ ಹಳೆಯ ಕಲ್ಲುಕಟ್ಟಡದ ಮೇಲೆ ಗುರುತು ತೋರಿಸಿದರು. ಅವರ ಮಾತು ಸರಿ ಅಂತ ಲೆಕ್ಕದಲ್ಲೂ ಕಂಡಿತು. ಎರಡು ಕಂಡಿ, ತಳಮಟ್ಟ ಇನ್ನೂ ಕೆಳಗೆ ಅಂತ ಹೊಸ ರಿವಿಷನ್ ಬಂತು. ಸಾಫ್ಟ್‌ವೇರ್‌ನಲ್ಲಿ ಎಲ್ಲಾ ಕ್ರಮವಾಗಿ ನಡೆಯಿತು. ಹಳೆಯ ಡ್ರಾಯಿಂಗ್ ಮೇಲೆ ರದ್ದು ಅನ್ನುವ ಗುರುತು ಬಿತ್ತು. ಎಲ್ಲರಿಗೂ ಟ್ರಾನ್ಸ್‌ಮಿಟಲ್ ಹೋಯಿತು, ಎಲ್ಲರೂ ತೆರೆದು ನೋಡಿದರು ಅಂತ ಸಮಯದ ಸಮೇತ ದಾಖಲಾಯಿತು. ಆದರೆ ಗುಂಡಿಯಲ್ಲಿ ಕಂಬಿ ಕಟ್ಟುತ್ತಿದ್ದದ್ದು ಹಳೆಯ ಪ್ರಿಂಟ್ ನೋಡಿಕೊಂಡು. ಕಾಂಕ್ರೀಟ್ ಹಾಕುವ ಮೊದಲು ಆರ್‌ಎಫ್‌ಐ ತುಂಬುವಾಗ ರಿವಿಷನ್ ನಂಬರ್ ಬರೆಯಲೇಬೇಕು ಅಂತ ಸಾಫ್ಟ್‌ವೇರ್‌ನಲ್ಲಿ ಇಟ್ಟಿದ್ದರಿಂದ ತಪ್ಪು ಅಲ್ಲೇ ಸಿಕ್ಕಿತು. ಕಾಂಕ್ರೀಟ್ ಬಿದ್ದಿದ್ದರೆ ಒಡೆಯಬೇಕಿತ್ತು. ಇಲ್ಲವೇ ಯಾರಿಗೂ ಹೇಳದೆ ಹಾಗೇ ಉಳಿದುಬಿಡುತ್ತಿತ್ತು, ಅದು ಇನ್ನೂ ಕೆಟ್ಟದ್ದು. ಕತ್ತರಿಸಿದ ಕಂಬಿ ಮಾತ್ರ ದಂಡವಾಯಿತು.

ಮೇಸ್ತ್ರಿ ಅಂದು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. "ಮೇಡಂ, ನನ್ನ ಕೈಗೆ ಕೊಟ್ಟ ಪೇಪರ್ ನೋಡಿ ನಾನು ಕಟ್ಟಿಸ್ದೆ. ಪೇಪರ್ ಬದಲಾಯ್ತು ಅಂತ ನನಗೆ ಯಾರು ಬಂದು ಹೇಳಿದ್ರು?" ಅವರು ಕೇಳಿದ್ದು ನೂರಕ್ಕೆ ನೂರು ಸರಿ. "ಅಣ್ಣ, ಹಳೇ ಪೇಪರ್ ವಾಪಸ್ ತಗೊಳ್ಳೋದು ನಮ್ಮ ಕೆಲಸ, ನಿಮ್ಮದಲ್ಲ" ಅಂದೆ. ಅಲ್ಲಿದ್ದ ಎಂಜಿನಿಯರ್‌ಗಳಿಗೂ ಅದನ್ನೇ ಹೇಳಿದೆ.

ನೋಡಿ, ಸಾಫ್ಟ್‌ವೇರ್ ಲೆಕ್ಕದಲ್ಲಿ ಆ ಡ್ರಾಯಿಂಗ್ ಮುಟ್ಟಬೇಕಾದವರಿಗೆಲ್ಲ ಮುಟ್ಟಿತ್ತು. ಯಾಕೆಂದರೆ ಅದು ಲೆಕ್ಕ ಇಡುವುದು ಲಾಗಿನ್ ಇರುವವರದ್ದು ಮಾತ್ರ. ನಮ್ಮ ಸೈಟ್‌ಗಳಲ್ಲಿ ಕಂಬಿ ಕಟ್ಟುವವರು ಬಿಹಾರ, ಜಾರ್ಖಂಡ್, ಒಡಿಶಾ, ಬಂಗಾಳದಿಂದ ಬಂದ ಹುಡುಗರು. ಮೇಸ್ತ್ರಿ ಕನ್ನಡ, ತೆಲುಗು ಎರಡೂ ಮಾತಾಡುತ್ತಾರೆ, ಹಿಂದಿಯಲ್ಲಿ ಕೆಲಸ ಹೇಳುತ್ತಾರೆ. ಡ್ರಾಯಿಂಗ್‌ನ ಬರಹ ಇಂಗ್ಲಿಷ್‌ನಲ್ಲಿರುತ್ತದೆ. ಕ್ಲೌಡ್‌ನಿಂದ ಆಫೀಸ್‌ವರೆಗೆ ಡ್ರಾಯಿಂಗ್ ಒಂದು ಕ್ಷಣದಲ್ಲಿ ಬರುತ್ತದೆ. ಆಫೀಸಿನಿಂದ ಗುಂಡಿಯವರೆಗಿನ ಕೊನೆಯ ಎರಡು ಕಿಲೋಮೀಟರ್ ದಾಟಿಸಲು ಮನುಷ್ಯರೇ ಬೇಕು.

ಆ ಘಟನೆ ಆದ ಮೇಲೆ ನಾವು ಮಾಡಿದ್ದು ದೊಡ್ಡ ಕೆಲಸವೇನಲ್ಲ. ಪ್ರತಿ ಪ್ರಿಂಟ್ ಮೇಲೆ ಕ್ಯೂಆರ್ ಕೋಡ್ ಬರುವಂತೆ ಮಾಡಿಸಿದೆವು. ಮೊಬೈಲ್ ಹಿಡಿದರೆ ಈ ಡ್ರಾಯಿಂಗ್ ಚಾಲ್ತಿಯಲ್ಲಿದೆಯಾ ಇಲ್ಲವಾ ಅಂತ ಹಸಿರು ಅಥವಾ ಕೆಂಪು ಬಣ್ಣದಲ್ಲಿ ಕಾಣುತ್ತದೆ. ಅದಕ್ಕೆ ಲಾಗಿನ್ ಬೇಡ, ಓದಲೂ ಬೇಡ. ಹೊಸ ಪ್ರಿಂಟ್ ಬೇಕಾದರೆ ಹಳೆಯದನ್ನು ವಾಪಸ್ ಕೊಡಬೇಕು ಅಂತ ನಿಯಮ ಮಾಡಿದೆವು. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಸುರಕ್ಷತೆಯ ಮಾತು ಹೇಳುವ ಹೊತ್ತಿನಲ್ಲೇ, ಇವತ್ತು ಯಾವ ಡ್ರಾಯಿಂಗ್ ಬದಲಾಗಿದೆ ಅಂತ ಬಾಯಿಮಾತಿನಲ್ಲಿ ಹೇಳುವುದು ಶುರುವಾಯಿತು. ಈ ಮೂರರಲ್ಲಿ ನನ್ನ ಪ್ರಕಾರ ಹೆಚ್ಚು ಕೆಲಸ ಮಾಡಿದ್ದು ಬಾಯಿಮಾತೇ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಸೈಟ್‌ಗಳಲ್ಲಿ ನಿಜವಾಗಿ ಓಡುವ ಡಾಕ್ಯುಮೆಂಟ್ ಸಾಫ್ಟ್‌ವೇರ್ ವಾಟ್ಸಾಪ್. ಈ ಕ್ಷೇತ್ರದಲ್ಲಿರುವ ಯಾರನ್ನಾದರೂ ಕೇಳಿ, ಒಪ್ಪುತ್ತಾರೆ. ಡ್ರಾಯಿಂಗ್‌ನ ಫೋಟೊ ಅದರಲ್ಲಿ ಹೋಗುತ್ತದೆ. "ಸರ್, ಇಲ್ಲಿ ಬಂಡೆ ಬಂತು, ಏನು ಮಾಡೋದು?" ಅಂತ ಪ್ರಶ್ನೆ ಹೋಗುತ್ತದೆ. "ಅರ್ಧ ಮೀಟರ್ ಪಕ್ಕಕ್ಕೆ ಹಾಕಿ" ಅಂತ ಉತ್ತರ ಬರುತ್ತದೆ. ಕೆಲಸ ಮುಂದೆ ಸಾಗುತ್ತದೆ. ಎರಡು ವಾರ ಬಿಟ್ಟು ಸಾಫ್ಟ್‌ವೇರ್‌ಗೆ ಹೋಗುವುದು ತಿದ್ದಿ ತೀಡಿದ ಒಂದು ಪತ್ರ, ಒಮ್ಮೊಮ್ಮೆ ಅದೂ ಇಲ್ಲ. ಇದಕ್ಕೆ ಸೈಟ್ ಎಂಜಿನಿಯರ್‌ಗಳನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಬಿಸಿಲಿನಲ್ಲಿ ನಿಂತು, ಒಂದು ಕಡೆ ಕಾಂಕ್ರೀಟ್ ಲಾರಿ ಕಾಯುತ್ತಿರುವಾಗ, ಹನ್ನೆರಡು ಖಾನೆ ತುಂಬಬೇಕಾದ ಫಾರಂ ತೆರೆಯಲು ಯಾರಿಗೆ ಪುರುಸೊತ್ತು ಇರುತ್ತದೆ? ಅವರಿಗೆ ಬೇಕಾದ್ದು ಬೇಗ ಬರುವ ಉತ್ತರ. ಆ ಉತ್ತರ ಕೊಡುವ ದಾರಿಯಲ್ಲೇ ದಾಖಲೆಯೂ ಉಳಿಯುವಂತೆ ಸಾಫ್ಟ್‌ವೇರ್ ಜೋಡಿಸುವುದು ನಮ್ಮ ಹೊಣೆ. ಎರಡೇ ಖಾನೆ ಸಾಕು: ಫೋಟೊ ಮತ್ತು ಪ್ರಶ್ನೆ. ಜಾಗ, ಸಮಯ, ಚೈನೇಜ್ (ರಸ್ತೆ ಶುರುವಾದಲ್ಲಿಂದ ಇಲ್ಲಿಗೆ ಎಷ್ಟು ದೂರ ಅನ್ನುವ ಅಳತೆ) ತಾನಾಗಿ ಬರಲಿ. ಹಾಗೆ ಮಾಡಿದ ಕಡೆ ಹುಡುಗರು ಅದನ್ನೇ ಬಳಸಿದ್ದನ್ನು ನೋಡಿದ್ದೇನೆ.

ವಾಟ್ಸಾಪ್ ಮೇಲೆ ನನಗೆ ಕೋಪವಿಲ್ಲ, ಆ ಮಾತು ಉಳಿಯುವುದಿಲ್ಲ ಅನ್ನುವುದೇ ನನ್ನ ಕೊರಗು. ಫೋನ್ ಕಳೆದುಹೋಗುತ್ತದೆ. ಎಂಜಿನಿಯರ್ ಬೇರೆ ಕಂಪನಿಗೆ ಹೋಗುತ್ತಾರೆ, ಅವರ ಜೊತೆ ಸಂಭಾಷಣೆಯೂ ಹೋಗುತ್ತದೆ. ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟ್ ಮುಂದೆ ಇಡಬೇಕಾದರೆ ಪ್ರಮಾಣಪತ್ರ ಬೇಕು. ಅದು ಕಡ್ಡಾಯ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಆಗ ಅದು ಸಾಕ್ಷ್ಯ ಕಾಯ್ದೆಯ 65ಬಿ ವಿಧಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ವಿಷಯ 63ನೇ ವಿಧಿಯಲ್ಲಿದೆ. ಗುತ್ತಿಗೆ ಜಗಳಗಳು ಹೆಚ್ಚಾಗಿ ಹೋಗುವುದು ಆರ್ಬಿಟ್ರೇಷನ್‌ಗೆ. ಅಲ್ಲಿ ಸಾಕ್ಷ್ಯ ಕಾಯ್ದೆಯ ಅಷ್ಟು ಕಟ್ಟುನಿಟ್ಟು ಇರುವುದಿಲ್ಲ. ಆದರೂ ಯಾರು, ಯಾವಾಗ, ಯಾರಿಗೆ ಹೇಳಿದರು ಅನ್ನುವುದೇ ಅಲ್ಲಿಯೂ ಪ್ರಶ್ನೆ.

ಈ 'ಯಾವಾಗ' ಅನ್ನುವುದಕ್ಕೆ ದೊಡ್ಡ ಬೆಲೆ ಇದೆ. ದೊಡ್ಡ ಕಾಮಗಾರಿಗಳಲ್ಲಿ ಬಳಸುವ, ಫಿಡಿಕ್ ಅನ್ನುವ ಅಂತಾರಾಷ್ಟ್ರೀಯ ಎಂಜಿನಿಯರ್‌ಗಳ ಒಕ್ಕೂಟದ ಮಾದರಿ ಗುತ್ತಿಗೆಯಲ್ಲಿ, ಹೆಚ್ಚುವರಿ ಸಮಯ ಅಥವಾ ಹಣ ಕೇಳಬೇಕಾದರೆ ಕಾರಣ ಗೊತ್ತಾದ 28 ದಿನದೊಳಗೆ ನೋಟಿಸ್ ಕೊಡಬೇಕು. ತಡವಾದರೆ ಹಕ್ಕೇ ಹೋಗಬಹುದು. ನಮ್ಮ ಸರ್ಕಾರಿ ಕೆಲಸಗಳಲ್ಲಿ ಹಿಂಡ್ರೆನ್ಸ್ ರಿಜಿಸ್ಟರ್ ಅಂತ ಇರುತ್ತದೆ. ಜಮೀನು ಸಿಗಲಿಲ್ಲ, ಕರೆಂಟ್ ಕಂಬ ಸ್ಥಳಾಂತರ ಆಗಲಿಲ್ಲ, ಮರ ಕಡಿಯಲು ಅನುಮತಿ ಬರಲಿಲ್ಲ, ಮಳೆ ಬಂತು. ಕೆಲಸ ನಿಂತ ಪ್ರತಿ ದಿನಕ್ಕೂ ಕಾರಣ ಬರೆದು ಎರಡೂ ಕಡೆಯವರು ಸಹಿ ಹಾಕಬೇಕು. ಇದು ಕಾಗದದ ಪುಸ್ತಕವಾಗಿದ್ದಾಗ ಏನಾಗುತ್ತಿತ್ತು ಅಂದರೆ, ಕೆಲಸ ಮುಗಿಯುವ ಹೊತ್ತಿಗೆ ಇಬ್ಬರೂ ಕೂತು ಒಂದೇ ಪೆನ್ನಿನಲ್ಲಿ ಎರಡು ವರ್ಷದ್ದು ಒಟ್ಟಿಗೆ ಬರೆಯುತ್ತಿದ್ದರು. ಎಲ್ಲರಿಗೂ ಗೊತ್ತಿದ್ದ ವಿಷಯ ಇದು. ಸಾಫ್ಟ್‌ವೇರ್‌ನಲ್ಲಿ ಹಾಗೆ ಮಾಡಲು ಆಗುವುದಿಲ್ಲ. ಇಂದು ಬರೆದದ್ದಕ್ಕೆ ಇಂದಿನ ದಿನಾಂಕವೇ ಬೀಳುತ್ತದೆ. ಈ ಒಂದೇ ಕಾರಣಕ್ಕೆ ನಾನು ಸಾಫ್ಟ್‌ವೇರ್ ಪರವಾಗಿ ಎಷ್ಟು ಹೊತ್ತು ಬೇಕಾದರೂ ವಾದ ಮಾಡುತ್ತೇನೆ. ಜಮೀನು ಕೊಟ್ಟ ರೈತನಿಗೆ ಇನ್ನೂ ಪರಿಹಾರ ಬಂದಿಲ್ಲ, ಅದಕ್ಕೇ ಅವನು ಕೆಲಸ ತಡೆದಿದ್ದಾನೆ ಅನ್ನುವುದು ಅದೇ ದಿನ ದಾಖಲಾದರೆ, ಮುಂದೆ ಯಾರೂ ಅವನನ್ನು ಸುಮ್ನೆ ತಕರಾರು ಮಾಡುವವನು ಅಂತ ಬರೆಯಲು ಆಗುವುದಿಲ್ಲ.

ಕರ್ನಾಟಕದವರಿಗೆ ಇದು ಹೊಸ ವಿಷಯವೂ ಅಲ್ಲ. ಭೂಮಿ ಯೋಜನೆಯಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದದ್ದನ್ನು ನಮ್ಮ ಮನೆಗಳಲ್ಲೇ ನೋಡಿದ್ದೇವೆ. ಅಲ್ಲಿ ಒಂದು ಒಳ್ಳೆಯ ಗುಣ ಇತ್ತು. ಪಹಣಿ ಬೇಕಾದ ರೈತನಿಗೇ ನೇರವಾಗಿ ಅದು ಸಿಗುವಂತೆ, ಅವನ ಭಾಷೆಯಲ್ಲೇ ಸಿಗುವಂತೆ ಮಾಡಿದ್ದರು. ನಮ್ಮ ಕಾಮಗಾರಿಗಳ ದಾಖಲೆಗೆ ಆ ಗುಣ ಇನ್ನೂ ಬಂದಿಲ್ಲ.

ಅದು ಎದ್ದು ಕಾಣುವುದು ಕೆಲಸ ಮುಗಿದ ಮೇಲೆ.

ಕಟ್ಟುವಾಗ ಡ್ರಾಯಿಂಗ್‌ನಲ್ಲಿದ್ದ ಹಾಗೇ ಎಲ್ಲವೂ ಆಗುವುದಿಲ್ಲ. ಬಂಡೆ ಬಂದರೆ ಪೈಪ್ ಪಕ್ಕಕ್ಕೆ ಹೋಗುತ್ತದೆ, ಹಳೆಯ ಬಾವಿ ಸಿಕ್ಕಿದರೆ ಅಡಿಪಾಯ ಬದಲಾಗುತ್ತದೆ. ನಿಜವಾಗಿ ಏನು ಕಟ್ಟಿದ್ದೇವೆ ಅನ್ನುವುದನ್ನು ತೋರಿಸುವ ಡ್ರಾಯಿಂಗ್‌ಗೆ ಆಸ್-ಬಿಲ್ಟ್ ಅನ್ನುತ್ತೇವೆ. ಕೊನೆಯ ಬಿಲ್ ಆಗಬೇಕಾದರೆ ಇದನ್ನು ಕೊಡಲೇಬೇಕು. ಕೊಡುತ್ತಾರೆ ಕೂಡ. ಆದರೆ ಆ ಹೊತ್ತಿಗೆ ಕಟ್ಟಿದ ಎಂಜಿನಿಯರ್‌ಗಳು ಬೇರೆ ಸೈಟಿಗೆ ಹೋಗಿರುತ್ತಾರೆ. ಉಳಿದ ಇಬ್ಬರು ಮೂವರು ಕೂತು ಜಿಎಫ್‌ಸಿ ಡ್ರಾಯಿಂಗ್ ಮೇಲೆ ಆಸ್-ಬಿಲ್ಟ್ ಅಂತ ಮುದ್ರೆ ಹಾಕಿ ಕಳಿಸುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಬಂಡೆ ಬಂದು ಅರ್ಧ ಮೀಟರ್ ಪಕ್ಕಕ್ಕೆ ಹೋದ ಪೈಪಿನ ಸುದ್ದಿ ಯಾವುದೋ ವಾಟ್ಸಾಪ್ ಗುಂಪಿನಲ್ಲೇ ಉಳಿದಿರುತ್ತದೆ.

ಸರಿಯಾಗಿ ಮಾಡಿದ ಆಸ್-ಬಿಲ್ಟ್ ಕೂಡ ಆಮೇಲೆ ಎಲ್ಲಿ ಹೋಗುತ್ತದೆ? ಕ್ಲೌಡ್ ಸಾಫ್ಟ್‌ವೇರ್ ಬಾಡಿಗೆ ಮನೆ ಇದ್ದ ಹಾಗೆ. ಪ್ರಾಜೆಕ್ಟ್ ಮುಗಿದು ಬಾಡಿಗೆ ನಿಂತ ದಿನ ಸಾಮಾನು ಹೊರಗೆ ತರಬೇಕು. ಎಲ್ಲವನ್ನೂ ಹಾರ್ಡ್ ಡಿಸ್ಕ್‌ಗೆ ಇಳಿಸಿ ಇಲಾಖೆಗೆ ಒಪ್ಪಿಸುತ್ತಾರೆ. ಡಿಸ್ಕ್‌ನಲ್ಲಿ ಫೈಲ್‌ಗಳಿರುತ್ತವೆ. ಆದರೆ ಯಾವ ಫೈಲ್ ಯಾವ ಪತ್ರಕ್ಕೆ ಉತ್ತರ, ಯಾವುದು ಯಾವುದನ್ನು ರದ್ದು ಮಾಡಿತು ಅನ್ನುವ ಕೊಂಡಿಗಳು ಬಿಟ್ಟುಹೋಗಿರುತ್ತವೆ. ಡಿಸ್ಕ್ ಬೀರುವಿನೊಳಗೆ ಹೋಗುತ್ತದೆ. ಅಧಿಕಾರಿಗೆ ವರ್ಗಾವಣೆ ಆಗುತ್ತದೆ. ಕೆಲವು ವರ್ಷ ಬಿಟ್ಟು ಅದನ್ನು ಯಾರಾದರೂ ತೆರೆದರೆ, ಆ ಫೈಲ್ ತೆರೆಯುವ ಸಾಫ್ಟ್‌ವೇರ್ ಆ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಬಹುಕಾಲ ಇಡುವ ದಾಖಲೆಗಾಗಿಯೇ ಪಿಡಿಎಫ್-ಎ ಅನ್ನುವ ಬಗೆ 2005ರಿಂದ ಇದೆ. ಅಕ್ಷರ, ಬಣ್ಣ ಎಲ್ಲವೂ ಫೈಲಿನೊಳಗೇ ಇರುವುದರಿಂದ ಯಾವ ಕಾಲಕ್ಕೂ ತೆರೆಯಬಹುದು. ಅದನ್ನು ಕೇಳಿ ಪಡೆಯುವವರು ಬಹಳ ಕಡಿಮೆ.

ಹೈಬ್ರಿಡ್ ಆನ್ಯುಟಿ ಮಾದರಿಯ, ಅಂದರೆ ಸರ್ಕಾರ ಸ್ವಲ್ಪ ಹಣ ಕಟ್ಟುವಾಗ, ಉಳಿದದ್ದನ್ನು ಆಮೇಲೆ ಕಂತಿನಲ್ಲಿ ಕೊಡುವ ಹೆದ್ದಾರಿಗಳಲ್ಲಿ ಪರಿಸ್ಥಿತಿ ಇದಕ್ಕಿಂತ ಚೆನ್ನಾಗಿದೆ. ಅಲ್ಲಿ ಕಟ್ಟಿದವರೇ 15 ವರ್ಷ ನೋಡಿಕೊಳ್ಳಬೇಕು. ನಾಳೆ ತನಗೇ ಬೇಕಾಗುತ್ತದೆ ಅಂತ ಗೊತ್ತಿರುವವನು ದಾಖಲೆಯನ್ನು ಜೋಪಾನ ಮಾಡುತ್ತಾನೆ. ಬೇರೆಯವರಿಗೆ ಒಪ್ಪಿಸಿ ಹೋಗುವ ಕಡೆಯೇ ತೊಂದರೆ.

ತೊಂದರೆ ಅಂದರೆ ಯಾರಿಗೆ? ಊರಿನ ನೀರುಗಂಟಿಯನ್ನು ಕೇಳಿ. ಹಳ್ಳಿಗಳಲ್ಲಿ ಕುಡಿಯುವ ನೀರಿನ ಪೈಪ್ ಎಲ್ಲಿ ಹೋಗಿದೆ, ವಾಲ್ವ್ ಯಾವ ಮರದ ಬುಡದಲ್ಲಿದೆ ಅನ್ನುವುದು ಅವನ ತಲೆಯಲ್ಲಿ ಮಾತ್ರ ಇರುತ್ತದೆ. 2019ರಲ್ಲಿ ಜಲಜೀವನ ಮಿಷನ್ ಶುರುವಾದ ಮೇಲೆ ನೆಲದೊಳಗೆ ಇನ್ನೂ ಪೈಪ್‌ಗಳು ಸೇರಿಕೊಂಡವು. ಅದರ ಪಕ್ಕದಲ್ಲೇ ಫೈಬರ್ ಕೇಬಲ್, ಅದರ ಪಕ್ಕದಲ್ಲಿ ಕೆರೆಗೆ ನೀರು ತರುವ ದೊಡ್ಡ ಪೈಪ್. ಜೆಸಿಬಿ ಬಂದು ಅಗೆದಾಗ ಏನು ಸಿಗುತ್ತದೋ ದೇವರೇ ಬಲ್ಲ. ದೇಶದಲ್ಲಿ ಹೀಗೆ ಕೇಳದೆ ಅಗೆದು ಕೇಬಲ್ ಮುಂತಾದವು ಹಾಳಾಗುವುದರಿಂದ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಅಂತ ಕೇಂದ್ರ ಸರ್ಕಾರವೇ ಹೇಳಿದೆ. ಅಗೆಯುವ ಮೊದಲು ವಿಚಾರಿಸಲು 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಅನ್ನುವ ಆ್ಯಪ್ ಬಂತು. ಒಳ್ಳೆಯ ಯೋಚನೆ. ಆದರೆ ಕೆಳಗಿರುವ ಪೈಪಿನ ಒಡೆಯನ ಬಳಿಯೇ ಸರಿಯಾದ ನಕ್ಷೆ ಇಲ್ಲದಿದ್ದರೆ ಅವನು ಏನು ಉತ್ತರ ಕೊಡಬಲ್ಲ?

ನೆಲದೊಳಗಿನ ನಕ್ಷೆ ಎಷ್ಟು ಮುಖ್ಯ ಅನ್ನುವುದು ಕೋಲಾರ ಜಿಲ್ಲೆಯವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು. ಕೆಜಿಎಫ್‌ನಲ್ಲಿ ನೂರಿಪ್ಪತ್ತು ವರ್ಷ ಅಗೆದರು, 3 ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿ ಮುಚ್ಚುವಾಗ ಅದರ ಕೊನೆಯ ನಕ್ಷೆಯನ್ನು ಗಣಿ ಸುರಕ್ಷತೆಯ ಅಧಿಕಾರಿಗಳಿಗೆ ಒಪ್ಪಿಸಬೇಕು ಅನ್ನುವ ನಿಯಮ ಗಣಿಗಳಿಗೆ ಇದೆ. ಅಂಥ ನಿಯಮ ಯಾಕೆ ಬೇಕು ಅನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. 2002ರ ಜುಲೈನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಕ್ವೀಕ್ರೀಕ್ ಕಲ್ಲಿದ್ದಲು ಗಣಿಯಲ್ಲಿ ಕೆಲಸಗಾರರು ಅಗೆಯುತ್ತಾ ಹೋಗಿ ಪಕ್ಕದ ಹಳೆಯ ಗಣಿಗೆ ತೂತು ಮಾಡಿಬಿಟ್ಟರು. ಹಳೆಯ ಗಣಿ ಇನ್ನೂ ದೂರದಲ್ಲಿದೆ ಅಂತ ಅವರ ನಕ್ಷೆ ತೋರಿಸುತ್ತಿತ್ತು. ಅದು ಹಳೆಯ ಗಣಿಯ ಕೊನೆಯ ನಕ್ಷೆ ಆಗಿರಲಿಲ್ಲ. ತುಂಬಿಕೊಂಡಿದ್ದ ನೀರೆಲ್ಲ ಒಳಗೆ ನುಗ್ಗಿತು. 9 ಜನ ಮೂರು ದಿನಕ್ಕೂ ಹೆಚ್ಚು ಕಾಲ ಒಳಗೆ ಸಿಕ್ಕಿಕೊಂಡರು. ಮೇಲಿನಿಂದ ಕೊರೆದು ಎಲ್ಲರನ್ನೂ ಜೀವಂತವಾಗಿ ಎತ್ತಿದರು. ಆ ಕೊನೆಯ ನಕ್ಷೆ ಇತ್ತು, ಹಾಳಾಗಿರಲಿಲ್ಲ. ಆಮೇಲೆ ಒಂದು ಸಂಗ್ರಹಾಲಯದಲ್ಲಿ ಸಿಕ್ಕಿತು. ಬೇಕಾದವರ ಕೈಯಲ್ಲಿ ಇರಲಿಲ್ಲ, ಅಷ್ಟೇ.

ನಮ್ಮ ಮೋರಿ, ಪೈಪ್‌ಗಳಲ್ಲಿ ಅಷ್ಟು ಅಪಾಯ ಇಲ್ಲ ಅನ್ನಬಹುದು. ಆದರೂ ತಪ್ಪಿನ ಬೇರು ಒಂದೇ ಅಲ್ವಾ? ಐಎಸ್‌ಒ 19650 ಮಾಡಿದವರಿಗೂ ಇದು ಹೊಳೆದಿತ್ತು. ಅದರ ಮೂರನೇ ಭಾಗ 2020ರಲ್ಲಿ ಬಂತು, ಅದು ಪೂರ್ತಿ ಕಟ್ಟಿದ ಮೇಲಿನ ಬಳಕೆ, ನಿರ್ವಹಣೆಯ ಕಾಲದ ಮಾಹಿತಿಯ ಬಗ್ಗೆಯೇ. ನಾನು ಕಂಡ ಟೆಂಡರ್‌ಗಳಲ್ಲಿ ಮೊದಲ ಎರಡು ಭಾಗದ ಹೆಸರು ಕಾಣುತ್ತದೆ. ಮೂರನೆಯದರ ಹೆಸರು ಕಂಡ ನೆನಪಿಲ್ಲ.

ಇತ್ತೀಚೆಗೆ ಒಂದು ಕೆಲಸ ಮುಗಿಯುವ ಹಂತಕ್ಕೆ ಬಂದಾಗ ನಾವು ಕೆಲವರು ಸೇರಿ ಒಂದು ಪ್ರಯತ್ನ ಮಾಡಿದೆವು. ಇಲಾಖೆಗೆ ಕೊಡುವ ಹಾರ್ಡ್ ಡಿಸ್ಕ್ ಜೊತೆಗೆ, ಪ್ರತಿ ಗ್ರಾಮ ಪಂಚಾಯತಿಗೆ ಒಂದೊಂದು ತೆಳ್ಳನೆಯ ಕಟ್ಟು. ಆ ಪಂಚಾಯತಿಯ ಎಲ್ಲೆಯೊಳಗೆ ಯಾವ ಮೋರಿ ಎಲ್ಲಿದೆ, ಅದರ ತಳಮಟ್ಟ ಎಷ್ಟು, ಯಾವ ಕೆರೆಯಿಂದ ಯಾವ ಕೆರೆಗೆ ನೀರು ಹೋಗುತ್ತದೆ, ರಸ್ತೆ ಅಡಿಯಲ್ಲಿ ಯಾವ ಪೈಪ್ ಎಷ್ಟು ಆಳದಲ್ಲಿ ದಾಟುತ್ತದೆ, ಅದರ ಅಕ್ಷಾಂಶ ರೇಖಾಂಶ ಏನು. ಎಲ್ಲಾ ಕನ್ನಡದಲ್ಲಿ. ಜೊತೆಗೆ ದೊಡ್ಡ ಅಕ್ಷರದ ಒಂದು ನಕ್ಷೆ. ಸುತ್ತಲಿನ ಹೊಲಗಳನ್ನು ಚೈನೇಜ್ ಬದಲು ಸರ್ವೆ ನಂಬರ್‌ನಿಂದ ಗುರುತಿಸಿದೆವು, ಯಾಕೆಂದರೆ ಊರಿನವರಿಗೆ ಗೊತ್ತಿರುವುದು ಅದೇ. ಸಣ್ಣ ನೀರಾವರಿ ಇಲಾಖೆಗೂ ಒಂದು ಪ್ರತಿ ಹೋಯಿತು. 40 ಹೆಕ್ಟೇರ್‌ಗಿಂತ ಜಾಸ್ತಿ ಅಚ್ಚುಕಟ್ಟು ಇರುವ ಕೆರೆಗಳು ಅವರ ಲೆಕ್ಕಕ್ಕೆ ಬರುತ್ತವೆ, ಅದಕ್ಕಿಂತ ಸಣ್ಣವು ಪಂಚಾಯತಿ ಕಡೆಗೆ. ಹಾಗಾಗಿ ಇಬ್ಬರಿಗೂ ಬೇಕು.

ಒಂದು ಪಂಚಾಯತಿಯ ಪಿಡಿಒ ಅದನ್ನು ತಿರುವಿ ಹಾಕಿ ಕೇಳಿದ ಮೊದಲ ಪ್ರಶ್ನೆ: "ನಾಳೆ ಈ ಮೋರಿ ಪಕ್ಕದಲ್ಲಿ ನಾವು ಪೈಪ್ ಹಾಕಿದ್ರೆ ಇದರಲ್ಲಿ ಯಾರು ಸೇರಿಸ್ತಾರೆ?" ನನ್ನ ಬಳಿ ಉತ್ತರ ಇರಲಿಲ್ಲ. ನಾವು ಕೊಟ್ಟದ್ದು ಒಂದು ದಿನದ ಚಿತ್ರ. ಅದು ಬದುಕಿರಬೇಕಾದರೆ ಪಂಚಾಯತಿಯಲ್ಲೇ ಅದನ್ನು ತಿದ್ದುವ ಜಾಗ ಬೇಕು. ಪಂಚಾಯತಿಗಳಲ್ಲಿ ಪಂಚತಂತ್ರ ಅನ್ನುವ ತಂತ್ರಾಂಶ ಇದೆ, ಕಾಮಗಾರಿಗಳಿಗೆ ಗಾಂಧಿ ಸಾಕ್ಷಿ ಕಾಯಕ ಇದೆ. ನೆಲದೊಳಗಿನ ನಕ್ಷೆಗೆ ಅಲ್ಲೇ ಒಂದು ಖಾನೆ ಮಾಡಬಹುದು ಅಂತ ನನ್ನ ಅನಿಸಿಕೆ. ನೀರುಗಂಟಿ ತನ್ನ ಫೋನಿನಿಂದ ವಾಲ್ವ್‌ನ ಫೋಟೊ ಹಾಕಿದರೆ ಜಾಗದ ಸಮೇತ ಕೂರುವಂತೆ ಆಗಬೇಕು.

ಆ ಕಟ್ಟು ತಯಾರಿಸಲು ನಮಗೆ ಯಾರೂ ಹಣ ಕೊಡಲಿಲ್ಲ. ಸಂಜೆ ಹೊತ್ತು, ಭಾನುವಾರ ಕೂತು ಮಾಡಿದ ಕೆಲಸ ಅದು. ಮುಂದಿನ ಕಾಮಗಾರಿಯಲ್ಲಿ ಇದೇ ಮನಸ್ಸಿನವರು ಸಿಗುತ್ತಾರೆ ಅಂತ ನಂಬಿ ಕೂರಲು ಆಗುವುದಿಲ್ಲ. ಟೆಂಡರ್‌ನಲ್ಲಿ ಯಾವ ಕೆಲಸ ಎಷ್ಟು, ದರ ಏನು ಅಂತ ಬರೆಯುವ ಬಿಒಕ್ಯೂ ಪಟ್ಟಿಯಲ್ಲಿ ಪ್ರತಿ ಘನ ಮೀಟರ್ ಮಣ್ಣಿಗೂ ದರ ಇರುತ್ತದೆ, ಮೈಲಿಗಲ್ಲಿಗೆ ಬಳಿಯುವ ಬಣ್ಣಕ್ಕೂ ಇರುತ್ತದೆ. ಪಂಚಾಯತಿವಾರು ಕನ್ನಡ ದಾಖಲೆಗೂ ಅದರಲ್ಲಿ ಒಂದು ಸಾಲು ಇರಲಿ. ಕೆಲಸ ಶುರುವಾದ ದಿನದಿಂದಲೇ ತುಂಬುತ್ತಾ ಬರಬೇಕು, ಕೊಡದಿದ್ದರೆ ಅಷ್ಟು ಹಣ ಹಿಡಿಯಬೇಕು ಅಂತ ಷರತ್ತು ಇರಲಿ. ಈ ಕ್ಷೇತ್ರದಲ್ಲಿ ಟೆಂಡರ್ ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ಆ ಸಾಲಿನ ಕರಡು ನನ್ನ ಬಳಿ ಇದೆ, ಕೇಳಿದರೆ ಕಳಿಸಿಕೊಡುತ್ತೇನೆ.